ತಮ್ಮನ ಪಟ್ಟಿಯಲ್ಲಿಲ್ಲದ ಮಾತು

ಜಪಾನಿಗೆ ಹೋಗಿ ಬಂದವನು ಎಂದು ಸಿರುಗುಪ್ಪದ ಸುತ್ತಿನ ಹಳ್ಳಿಗಳಲ್ಲಿ ಜನ ನನ್ನನ್ನು ಕೂರಿಸಿಕೊಂಡು ಕೇಳುತ್ತಾರೆ. ಅಲ್ಲಿ ಭತ್ತ ಹೇಗೆ, ಊಟ ಹೇಗೆ, ಮಂದಿ ಹೇಗೆ ಎಂದು. ನಾನೂ ಹೇಳುತ್ತೇನೆ, ಅವರೂ ನಗುತ್ತಾರೆ. ಆದರೆ ನಗುವಂಥದ್ದನ್ನೆಲ್ಲ ಬರೆಯುವ ಮೊದಲು ಒಪ್ಪಿಕೊಳ್ಳಬೇಕಾದದ್ದು ಒಂದಿದೆ. ಆ ಪ್ರವಾಸ ನನ್ನದಲ್ಲ, ನನ್ನ ತಮ್ಮ ಎರ್ರಿಸ್ವಾಮಿಯದು. ಬಳ್ಳಾರಿಯಲ್ಲಿ ಒಬ್ಬ ಅಧಿಕಾರಿಯ ಮುಂದೆ ನಾನು ಒಂದು ಮಾತು ಹೇಳಬೇಕಾಗಿತ್ತು, ಹೇಳಲಿಲ್ಲ. ಹೇಳಿದ್ದರೆ ಹಡಗು ಹತ್ತುತ್ತಿದ್ದವನು ಅವನು. ಆಮೇಲೆ ತಮ್ಮನಿಗಾದರೂ ನಿಜ ತಿಳಿಸಬೇಕಾಗಿತ್ತು. ಅದನ್ನೂ ಮಾಡಲಿಲ್ಲ.

ಬಳ್ಳಾರಿ

ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಅಪ್ಪ ತೀರಿಕೊಂಡ ವರ್ಷ ನನ್ನ ಕೈಗೆ ಬಾರುಕೋಲು ಬಂತು, ತಮ್ಮನ ಕೈಯಲ್ಲಿ ಪಾಟಿ ಉಳಿಯಿತು. ಅದಕ್ಕೆ ಯಾರನ್ನೂ ದೂರುವಂತಿರಲಿಲ್ಲ. ಅವನು ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಕೋಣೆ ಹಿಡಿದು ಇಂಟರ್ ಓದುತ್ತಿದ್ದಾಗ ಅವ್ವ ಕಟ್ಟಿದ ರೊಟ್ಟಿ ಗಂಟು ತೆಗೆದುಕೊಂಡು ನಾನು ಹೋಗುತ್ತಿದ್ದೆ. ಅವನ ಪುಸ್ತಕಗಳನ್ನು ಮುಟ್ಟದೆ ಹೊಸ್ತಿಲ ಮೇಲೇ ಕೂತು ಎದ್ದು ಬರುತ್ತಿದ್ದೆ. ಒಳಗೆ ಏನೋ ಸುಡುತ್ತಿತ್ತು. ಅದರ ಹೆಸರು ಹೊಟ್ಟೆಕಿಚ್ಚು ಎಂದು ಒಪ್ಪಿಕೊಳ್ಳಲು ನನಗೆ ಬಹಳ ದಿನ ಬೇಕಾಯಿತು.

ಆಗ ಎಲ್ಲೆಲ್ಲೂ ಜಪಾನಿ ಪದ್ಧತಿಯ ಭತ್ತದ ಬೇಸಾಯದ ಮಾತು. ಕೈಯಾರೆ ದುಡಿಯುವ ಕೆಲವು ರೈತರನ್ನು ಸರ್ಕಾರ ಜಪಾನಿಗೇ ಕಳಿಸಿ ಕಲಿಸುತ್ತದೆ ಎಂದು ಸುದ್ದಿ ಬಂತು. ತಮ್ಮ ಕುಣಿದಾಡಿಬಿಟ್ಟ. ಪ್ರತಿ ನಾಟಿಗೂ ಅವನು ಊರಿಗೆ ಬಂದು ಗದ್ದೆಗಿಳಿಯುತ್ತಿದ್ದ. ಅವನು ಹಚ್ಚಿದ ಸಾಲು ನೋಡಿ ಹೆಣ್ಣಾಳುಗಳು, "ಎರ್ರಿಸ್ವಾಮಿ, ಹೆಣ್ಣಾಗಿ ಹುಟ್ಟಬೇಕಿತ್ತೋ ನೀನು, ನಮ್ಮ ಗುಂಪಿಗೆ ಮುಂದಾಳು ಆಗ್ತಿದ್ದಿ" ಎಂದು ಕಾಡಿಸುತ್ತಿದ್ದರು.

ಅಷ್ಟಕ್ಕೇ ಬಿಡಲಿಲ್ಲ ಅವನು. ಕೌಲ್ ಬಜಾರಿನಲ್ಲಿ ಸೈಕಲ್ ರಿಪೇರಿ ಮಾಡುವ ಖಾಜಾ ಸಾಬ್ ಎಂಬವರಿದ್ದರು. ದಂಡಿನಲ್ಲಿದ್ದವರು, ಸಿಂಗಾಪುರದಲ್ಲಿ ಜಪಾನಿಯರ ಕೈಗೆ ಸಿಕ್ಕು ಮೂರು ವರ್ಷ ಸೆರೆಯಲ್ಲಿದ್ದು ಬಂದವರು. ಅವರ ಹತ್ತಿರ ಕೂತು ತಮ್ಮ ಜಪಾನಿ ಕಲಿಯತೊಡಗಿದ. ಒಂದು ನೋಟುಬುಕ್ಕಿನ ಎಡಕ್ಕೆ ಜಪಾನಿ ಮಾತನ್ನು ಕನ್ನಡ ಅಕ್ಷರದಲ್ಲಿ, ಬಲಕ್ಕೆ ಅರ್ಥವನ್ನು ಬರೆದುಕೊಳ್ಳುತ್ತಿದ್ದ. ಒಮ್ಮೆ ನಾನು ಹೋದಾಗ ಖಾಜಾ ಸಾಬ್ ಟ್ಯೂಬಿಗೆ ಪಂಕ್ಚರ್ ಹಾಕುತ್ತಾ ಹೇಳಿದರು: "ನಿನ್ನ ತಮ್ಮ ಹುಚ್ಚ ಅದಾನೋ ಪಂಪಣ್ಣಾ. ನಾನು ಮೂರು ವರ್ಷ ಲಾತ ತಿಂದು ಕಲ್ತದ್ದನ್ನ ಇವ ಚಾ ಕುಡಕೋಂತ ಕಲ್ಯಾಕ ಹತ್ಯಾನ!"

ಆಯ್ಕೆಗೆ ಇಬ್ಬರ ಹೆಸರನ್ನೂ ಕೊಟ್ಟಿದ್ದೆವು. ಒಂದು ಮನೆಗೆ ಒಬ್ಬರೇ ಎಂದಿತ್ತು. ಮೊದಲು ತಮ್ಮನನ್ನು ಒಳಗೆ ಕರೆದರು. ಹೊರಗೆ ಬಂದಾಗ ಅವನ ಮುಖ ಅರಳಿತ್ತು. "ಜಪಾನಿ ಒಪ್ಪಿಸಿದೆ ಅಣ್ಣಾ. ಸಾಹೇಬರು ಹೊಟ್ಟಿ ಹಿಡ್ಕೊಂಡು ನಕ್ರು" ಎಂದ. ಆಮೇಲೆ ನನ್ನನ್ನು ಕರೆದರು. ಅಧಿಕಾರಿ ತೆಲುಗಿನವರು. ತಮ್ಮನ ಹೆಸರಿನ ಪಕ್ಕದಲ್ಲಿ ಪೆನ್ನು ಊರಿಕೊಂಡೇ ಕೇಳಿದರು: "ಏಮಯ್ಯಾ, ಮೀ ತಮ್ಮುಡು ಬುರದಲೋ ದಿಗುತಾಡಾ?" ನಿನ್ನ ತಮ್ಮ ಕೆಸರಿಗೆ ಇಳಿಯುತ್ತಾನೇನಯ್ಯಾ ಎಂದು.

ಇಳಿಯುತ್ತಾನೆ, ನನಗಿಂತ ಚೆನ್ನಾಗಿ ನಾಟಿ ಹಚ್ಚುತ್ತಾನೆ. ಹೇಳಬೇಕಾಗಿದ್ದದ್ದು ಇಷ್ಟೇ. ನಾನು ಹೇಳಿದ್ದು: "ಅವ ಓದಿದಾಂವ್ರಿ, ಸ್ವಾಮಿ."

ಸುಳ್ಳೇನೂ ಅಲ್ಲ. ಅದೇ ನೋಡಿ ಅದರ ಮೋಸ. ಅಧಿಕಾರಿ ತಲೆಯಾಡಿಸಿದರು. ಪೆನ್ನು ಒಂದು ಸಾಲು ಕೆಳಗಿಳಿದು ನನ್ನ ಹೆಸರಿಗೆ ಬಂತು. ನಾನು ಬಾಯಿ ತೆಗೆಯಲಿಲ್ಲ.

ಆಯ್ಕೆಯಾದದ್ದು ನಾನು ಎಂದು ತಿಳಿದ ಮೇಲೆ, ಊರಿಗೆ ಹೋಗುವ ಬಸ್ಸಿನಲ್ಲಿ ತಮ್ಮ ಕೇಳಿದ: "ಜಪಾನಿ ಮಾತಾಡಿದ್ದರಿಂದನ ಕೆಟ್ಟಾತೇನು ಅಣ್ಣಾ? ಓದಿದ ಶೋಕಿ ಹುಡುಗ ಅಂದ್ಕೊಂಡ್ರೇನು?"

"ಇರಬೋದು" ಎಂದೆ. ನಿಜ ನುಂಗಿದ್ದು ಇದು ಎರಡನೆಯ ಸಲ.

ನಾನು ಹೊರಡುವ ದಿನ ಅವನು ನೋಟುಬುಕ್ಕನ್ನು ತಂದು ನನ್ನ ಟ್ರಂಕಿನಲ್ಲಿಟ್ಟ. "ನಾನು ಒಂದ ಒಂದ ಕೂಡಿಸಿ ಬರಕೊಂಡದ್ದು ಯಾಕ ಹಾಳಾಗಬೇಕು? ನೀನ ಕಲಿ. ಹೊಸ ಮಾತು ಸಿಕ್ಕರ ಬರದು ಕಳಸು, ನಾನೂ ಕಲೀತೀನಿ" ಎಂದ.

ಹಡಗು

ಹಡಗಿನ ಬಗ್ಗೆ ಹೆಚ್ಚು ಬರೆಯುವಂತಿಲ್ಲ. ಮೊದಲ ಐದು ದಿನ ಕಂಡದ್ದು ವಾಂತಿಯ ಬಕೀಟು ಮಾತ್ರ. ಆರನೆಯ ದಿನ ಎದ್ದು ಕೂತು ನೋಟುಬುಕ್ಕು ಬಿಚ್ಚಿದೆ. ತಮ್ಮನ ಅಕ್ಷರಗಳು ಮುತ್ತು ಪೋಣಿಸಿದಂತಿದ್ದವು. 'ಕೋಯ್' ಎಂದರೆ ಬಾ. 'ಮಿಜು' ಎಂದರೆ ನೀರು. 'ಹಯಾಕು' ಎಂದರೆ ಲಗು, ಬೇಗ. 'ಬಾಂಗೋ' ಎಂಬುದಕ್ಕೆ 'ಎಲ್ಲರೂ ಬಂದರೇ ಎಂದು ಕೇಳುವುದು' ಎಂದಿತ್ತು. ನಾನು ಹಡಗಿನ ಅಂಚಿನ ಕಟಾಂಜನ ಹಿಡಿದು ಸಮುದ್ರಕ್ಕೇ ಜಪಾನಿ ಒಪ್ಪಿಸುತ್ತಿದ್ದೆ. ನಮ್ಮ ತಂಡದಲ್ಲಿ ತಂಜಾವೂರಿನ ಕಡೆಯವರೊಬ್ಬರು, "ನೀವು ಮಾತ್ರ ಭಾಷೆ ಕಲಿತು ಬಂದಿದ್ದೀರಿ, ಕಷ್ಟಜೀವಿ" ಎಂದು ಹರಕುಮುರುಕು ತೆಲುಗಿನಲ್ಲಿ ಹೊಗಳಿದರು. ಆ ಹೊಗಳಿಕೆ ಮತ್ತೆ ಬಕೀಟು ಹುಡುಕುವ ಹಾಗೆ ಮಾಡಿತು.

ಕೋಬೆ

ಇಳಿದ ದಿನ ನನಗೆ ಜಪಾನಿ ಪೂರ್ತಿ ಬಂದುಬಿಟ್ಟಿದೆ ಎಂದುಕೊಂಡೆ. ಬಂದರಿನ ಹತ್ತಿರ ಒಂದು ಸಣ್ಣ ಅಂಗಡಿ. ಒಬ್ಬ ಹೆಂಗಸು ನಿಂತಿದ್ದಳು. ಚಹಾ ಎನ್ನುವುದಕ್ಕೆ ತಮ್ಮನ ಪಟ್ಟಿಯಲ್ಲಿ 'ಚಾ' ಎಂದೇ ಇತ್ತು. ಮುಂದಿನದಕ್ಕೆ ಬಳ್ಳಾರಿಯ ಉರ್ದು ಸೇರಿಸಿ, "ಚಾ ಹೈ?" ಎಂದೆ.

"ಹೈ!" ಎಂದಳು. ಚಾ ಬಂದೇಬಿಟ್ಟಿತು.

ಎಂಥ ಸಲೀಸು ಭಾಷೆ! ಬಟ್ಟಲಿನಲ್ಲಿದ್ದದ್ದು ಸೊಪ್ಪು ಬೇಯಿಸಿದ ನೀರಿನಂತೆ ಹಸಿರಾಗಿತ್ತು. "ಹಾಲು ಹೈ?" ಎಂದೆ. "ಹೈ" ಎಂದು ತಲೆ ಬಗ್ಗಿಸಿದಳು, ಹಾಲು ಬರಲಿಲ್ಲ. "ಸಕ್ರಿ ಹೈ?" "ಹೈ." ಸಕ್ಕರೆಯೂ ಇಲ್ಲ. "ನಿಮ್ಮಲ್ಲಿ ಹಾಲು ಇಲ್ಲೇನವ್ವಾ?" ಎಂದು ಕನ್ನಡದಲ್ಲೇ ಕೇಳಿದೆ. ಅದಕ್ಕೂ "ಹೈ". ಕೊನೆಗೆ ತಿಳಿಯಿತು, ಅವರ 'ಹೈ' ಎಂದರೆ 'ಐತಿ' ಎಂದಲ್ಲ. ನಮ್ಮಲ್ಲಿ ಕತೆ ಕೇಳುವವರು ಹೂಂಗುಟ್ಟುತ್ತಾರಲ್ಲ, ಅದು. ಹೂಂ ಎಂದವರೆಲ್ಲ ಹಾಲು ಕೊಡಬೇಕೆಂದು ಎಲ್ಲಿದೆ? ಹಸಿರು ನೀರನ್ನು ಕಣ್ಣು ಮುಚ್ಚಿ ಕುಡಿದೆ.

ಹಳ್ಳಿ

ನಮ್ಮನ್ನು ಒಬ್ಬೊಬ್ಬರಂತೆ ಬೇರೆ ಬೇರೆ ರೈತರ ಮನೆಗಳಿಗೆ ಹಂಚಿದರು. ನನಗೆ ಸಿಕ್ಕ ಮನೆಯಲ್ಲಿ ಮೂರೇ ಜನ. ಮನೆಯ ಯಜಮಾನ ಒಬ್ಬ ಮುದುಕ, ಅವನ ಹೆಂಡತಿ, ಗಂಡನಿಲ್ಲದ ಸೊಸೆ. ಮಗ ಯುದ್ಧದಿಂದ ಮರಳಲಿಲ್ಲ ಎಂದು ನಮ್ಮನ್ನು ಕರೆದೊಯ್ದವರು ಮೊದಲೇ ಹೇಳಿದ್ದರು. ಗೋಡೆಯ ಗೂಡಿನಲ್ಲಿ ಅವನ ಪಟ ಇತ್ತು. ಅದರ ಮುಂದೆ ದಿನಾ ಒಂದು ಸಣ್ಣ ಬಟ್ಟಲು ಅನ್ನ ಇಡುತ್ತಿದ್ದರು, ನಮ್ಮಲ್ಲಿ ಹಿರಿಯರಿಗೆ ಎಡೆ ಇಟ್ಟ ಹಾಗೆ.

ನಮ್ಮದು ಲಿಂಗ ಕಟ್ಟುವ ಮನೆತನ, ಮೀನು ಮುಟ್ಟುವುದಿಲ್ಲ. ಅದನ್ನು ತಿಳಿಸಲು ಈಜುವಂತೆ ಕೈಯಾಡಿಸಿ, ಆಮೇಲೆ ಕೈಮುಗಿದೆ. ಮುದುಕ ನನ್ನನ್ನು ಹೊಳೆಗೆ ಕರೆದೊಯ್ದು ಈಜು ಎಂದು ತೋರಿಸಿದ. ಮುದುಕಿಗೆ ಮಾತ್ರ ಅರ್ಥವಾಯಿತು. ಅಂದಿನಿಂದ ನನಗೆ ಅನ್ನ, ಉಪ್ಪಿನಲ್ಲಿ ಹಾಕಿದ ಮೂಲಂಗಿ. ಕನಸಿನಲ್ಲೂ ಜೋಳದ ರೊಟ್ಟಿಯೇ ಬರುತ್ತಿತ್ತು.

ಮುದುಕಿ ಬಡಿಸುವುದರಲ್ಲಿ ನಮ್ಮ ಅವ್ವನಿಗಿಂತ ಹಟಗಾರ್ತಿ. ಬಟ್ಟಲು ತುಂಬುತ್ತಲೇ ಇರುವಳು. ಒಂದು ದಿನ ಕೈ ಅಡ್ಡ ಹಿಡಿದು "ಇನ್ನು ಸಾಕವ್ವಾ, ಇನ್ನು ಬ್ಯಾಡ" ಎಂದೆ. ಅವಳು ಅಚ್ಚರಿಯಿಂದ ನೋಡಿ, ನನ್ನ ಬಟ್ಟಲಿನ ಅನ್ನವನ್ನು ಒಯ್ದು ಹೊರಗಿದ್ದ ನಾಯಿಗೆ ಹಾಕಿದಳು. ಮರುದಿನವೂ ಅದೇ. ಮೂರನೆಯ ದಿನ ನಾನು "ಇನ್ನು" ಎನ್ನುವಷ್ಟರಲ್ಲಿ ಸೊಸೆ ನಾಯಿಯನ್ನೇ ಬಾಗಿಲಿಗೆ ಕರೆತಂದಳು. ಪಟ್ಟಿ ತೆಗೆದು ನೋಡಿದೆ. 'ಇನು: ನಾಯಿ' ಎಂದು ತಮ್ಮ ಬರೆದಿಟ್ಟಿದ್ದ. ನಾನು ನಾಯಿಯನ್ನು ಬಹಳ ಪ್ರೀತಿಸುತ್ತೇನೆಂದು ಹಳ್ಳಿಯೆಲ್ಲ ಸುದ್ದಿಯಾಗಿತ್ತು. ಆ ನಾಯಿಯೂ ನನ್ನನ್ನು ಬಿಟ್ಟು ಕದಲುತ್ತಿರಲಿಲ್ಲ.

ಆದರೆ ಬೇರೆ ಮಾತುಗಳಿಗೆ ಯಾರೂ ನಗುತ್ತಿರಲಿಲ್ಲ. "ಮಿಜು! ಹಯಾಕು!" ಎಂದರೆ ಮುದುಕಿ ಬೆಚ್ಚಿಬಿದ್ದು ಓಡಿಹೋಗಿ ನೀರು ತರುತ್ತಿದ್ದಳು. "ಕೋಯ್!" ಎಂದರೆ ಮುದುಕ ಬರುತ್ತಿದ್ದ, ಮುಖ ಮಾತ್ರ ಗಂಟು. ನನ್ನ ದನಿ ಗಡುಸು, ಅದಕ್ಕೇ ಹೀಗೆ ಎಂದುಕೊಂಡೆ. ನಮ್ಮಲ್ಲಾದರೆ 'ಬಾ' ಎಂಬುದಕ್ಕೆ ಒಂದು 'ರಿ' ಹಚ್ಚಿದರೆ ಮರ್ಯಾದೆ ಬರುತ್ತದೆ. ಜಪಾನಿಯರ 'ರಿ' ಯಾವುದು? ಪಟ್ಟಿಯೆಲ್ಲ ಹುಡುಕಿದೆ, ಸಿಗಲಿಲ್ಲ. ಕೊನೆಗೆ ನಮ್ಮದನ್ನೇ ಹಚ್ಚಿದೆ. "ಕೋಯ್ ರೀ, ಯಜಮಾನ್ರ!" "ಮಿಜು ರೀ, ಅವ್ವಾ!" ಮುದುಕ ಬಾಯಿ ತೆರೆದುಕೊಂಡು ನಿಂತುಬಿಟ್ಟ.

ನಾಟಿಯ ದಿನ

ಅಲ್ಲಿ ನಾಟಿಗೆ ಗದ್ದೆಯ ಅಡ್ಡಕ್ಕೆ ಹಗ್ಗ ಕಟ್ಟುತ್ತಾರೆ. ಹಗ್ಗದ ಗುರುತಿಗೆ ಸರಿಯಾಗಿ ಎರಡು ಮೂರು ಸಸಿ, ಅಷ್ಟೇ. ನಾವು ಹಿಡಿ ಹಿಡಿ ಊರುವವರು. ನನ್ನ ಸಾಲು ಹಗ್ಗ ಬಿಟ್ಟು ಎತ್ತಿನ ಉಚ್ಚೆಯಂತೆ ಡೊಂಕಾಯಿತು. ಮುದುಕ ಬಂದು ಏನೂ ಅನ್ನದೆ ಕಿತ್ತು ಮತ್ತೆ ಹಚ್ಚಿದ. ಈ ಹಗ್ಗ ಬೇಕೇ ಆಗದವನೊಬ್ಬ ಬಳ್ಳಾರಿಯಲ್ಲಿ ಕೂತಿದ್ದಾನೆ ಎಂದು ಹೇಳೋಣವೆಂದರೆ ಅಷ್ಟು ಜಪಾನಿ ನನ್ನಲ್ಲಿರಲಿಲ್ಲ.

ಸಂಜೆ ದಣಿದು ಬಂದು ಊಟಕ್ಕೆ ಕೂತೆವು. ಮನೆಯವರಿಗೆ ನನ್ನ ಮೇಲೆ ಬೇಸರವಾಗಿದೆ, ಒಂದು ಒಳ್ಳೆಯ ಮಾತಾಡಬೇಕು ಎನಿಸಿತು. ನಮ್ಮಲ್ಲಿ ಎಲ್ಲರೂ ಬಂದರೇ ಎಂದು ಕೇಳದೆ ಹಿರಿಯರು ತುತ್ತು ಎತ್ತುವುದಿಲ್ಲ. ಪಟ್ಟಿ ನೆನಪಿಸಿಕೊಂಡು, ಎದೆಯುಬ್ಬಿಸಿ, ಗಟ್ಟಿಯಾಗಿ ಕೇಳಿದೆ:

"ಬಾಂಗೋ!"

ಮುದುಕನ ಬೆನ್ನು ಸೆಟೆದು ನಿಂತಿತು. "ಇಚಿ!" ಎಂದು ಕೂಗಿದ. ಮುದುಕಿ ಕೈಯಲ್ಲಿದ್ದ ಸೌಟನ್ನು ತೊಡೆಗೆ ಒತ್ತಿ ಹಿಡಿದು "ನಿ!" ಎಂದಳು. ಅಡುಗೆಮನೆಯಿಂದ ಸೊಸೆಯ ದನಿ ಬಂತು: "ಸಾನ್!"

ಒಂದು, ಎರಡು, ಮೂರು. ಆಮೇಲೆ ಮನೆಯೆಲ್ಲ ಸದ್ದಡಗಿತು.

ಯುದ್ಧದ ಕಾಲದಲ್ಲಿ ಅಲ್ಲಿಯ ಮುದುಕ ಮುದುಕಿಯರನ್ನೂ ಬಯಲಲ್ಲಿ ಸಾಲಾಗಿ ನಿಲ್ಲಿಸಿ ಕವಾಯತು ಮಾಡಿಸುತ್ತಿದ್ದರಂತೆ. 'ಬಾಂಗೋ' ಎಂದರೆ ಸಾಲಿನವರು ಒಬ್ಬೊಬ್ಬರೇ ಎಣಿಕೆ ಕೂಗಬೇಕೆಂಬ ಹುಕುಂ, ಅದು ಕಿವಿಗೆ ಬಿದ್ದರೆ ಬಾಯಿ ತಾನೇ ಎಣಿಸುತ್ತದೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ಕಂಡದ್ದು ಇಷ್ಟೇ. ಮುದುಕಿ ಸೌಟು ನೋಡಿಕೊಂಡು ಕಿಸಕ್ಕನೆ ನಕ್ಕಳು. ಮುದುಕನೂ ನಕ್ಕ. ಮೂವರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು, ನಾನೂ ಏನೆಂದು ತಿಳಿಯದೆ ನಕ್ಕೆ. ನಗುನಗುತ್ತಲೇ ಮುದುಕಿಯ ಕಣ್ಣು ಗೂಡಿನ ಪಟದ ಕಡೆ ಹೋಯಿತು. ನಾಲ್ಕನೆಯ ಎಣಿಕೆ ಬರಲಿಲ್ಲವಲ್ಲ. ನಗು ಹಾಗೇ ಅಳುವಾಯಿತು.

ಅತ್ತು ಮುಗಿಸಿ ಅವಳು ನನ್ನ ಕಡೆ ತಿರುಗಿದಳು. ನೆಲಕ್ಕೆ ಹಣೆ ಹಚ್ಚುವಷ್ಟು ಬಗ್ಗಿ, "ಸುಮಿಮಾಸೆನ್" ಎಂದಳು.

ಮಾಸ್ತರು

ನಾಟಿಯ ಮರುದಿನದಿಂದ ವಾರಕ್ಕೆ ಮೂರು ಸಂಜೆ ಒಬ್ಬ ಹಳೆಯ ಮಾಸ್ತರು ನನಗೆ ಜಪಾನಿ ಕಲಿಸಲು ಬರತೊಡಗಿದರು. ಮುದುಕ ಅವರಿಗೆ ಎಲ್ಲ ಹೇಳಿರಬೇಕು. ಅವರು ನೋಟುಬುಕ್ಕು ಕೇಳಿದರು. ಒಂದೊಂದೇ ಮಾತನ್ನು ನನ್ನಿಂದ ಓದಿಸಿದರು. ಓದಿದಂತೆಲ್ಲ ಅವರ ತುಟಿ ಬಿಗಿಯಿತು. ಎದ್ದು ನಿಂತು, ಬಂದೂಕು ಹಿಡಿದವನಂತೆ ನಟಿಸಿ, "ಕೋಯ್!" ಎಂದು ಗುಡುಗಿದರು. ಆಮೇಲೆ ಕೂತು, ಮೆಲ್ಲಗೆ, ಬೇರೆ ಯಾವುದೋ ಮಾತಿನಿಂದ ಕರೆದರು. ಆಗ ಅರ್ಥವಾಯಿತು. ಖಾಜಾ ಸಾಬ್ ಕಲಿತದ್ದು ಸೆರೆ ಕಾಯುವವರ ಬಾಯಿಂದ. ಅವರಿಗೆ ಯಾರು 'ಬರ್ರಿ' ಎಂದಿದ್ದರು? ಮಗನನ್ನು ಕಳೆದುಕೊಂಡ ಮನೆಯಲ್ಲಿ ಕೂತು ನಾನು ಎರಡು ತಿಂಗಳು ಸಿಪಾಯಿಯಂತೆ ಗದರಿದ್ದೆ.

ಅಂದಿನಿಂದ ಮಾಸ್ತರು ಪ್ರತಿ ಮಾತಿನ ಪಕ್ಕ ಒಳ್ಳೆಯ ಮಾತೊಂದನ್ನು ಬರೆಸಿದರು. ಅವರ 'ರಿ' ನನಗೆ ಸಿಕ್ಕಿತು. 'ಕುದಾಸಾಯ್' ಎಂದು ಅದರ ಹೆಸರು. ಆದರೆ ನನ್ನನ್ನು ಕಾಡಿದ್ದು ಮುದುಕಿಯ ಮಾತು. ಅತ್ತವಳು ಅವಳು, ಅಳಿಸಿದವನು ನಾನು. ಅವಳೇಕೆ ಬಗ್ಗಿದಳು? ಮಾಸ್ತರು ಬರಿದಾದ ಬಟ್ಟಲೊಂದನ್ನು ತೋರಿಸಿ "ಸುಮಿಮಾಶಿತಾ" ಎಂದರು. ಮುಗಿಯಿತು. ಅರ್ಧ ಅನ್ನ ಉಳಿದ ಬಟ್ಟಲು ತೋರಿಸಿ "ಸುಮಿಮಾಸೆನ್" ಎಂದರು. ಮುಗಿದಿಲ್ಲ. ಆಮೇಲೆ ತಮ್ಮ ಎದೆ ಮುಟ್ಟಿಕೊಂಡರು. ಎದೆಯೊಳಗೆ ಮುಗಿದಿಲ್ಲ ಎಂಬುದೇ ಅವರ ತಪ್ಪೊಪ್ಪಿಗೆಯ ಮಾತು.

ಆ ಮಾತು ಕಿವಿಗೆ ಬಿದ್ದ ಮೇಲೆ ಎಲ್ಲೆಲ್ಲೂ ಅದೇ. ಕಾಲು ತಗುಲಿದರೆ ಸುಮಿಮಾಸೆನ್. ಚಾ ಕೊಟ್ಟರೆ ಸುಮಿಮಾಸೆನ್. ಟಪಾಲಿನವನು ಕಾಗದ ತಂದರೆ, ತಂದವನೂ ಇಸಿದುಕೊಂಡವರೂ ಒಬ್ಬರಿಗೊಬ್ಬರು ಅದನ್ನೇ ಅಂದು ಬಗ್ಗುವರು. ನಮ್ಮಲ್ಲಿ ತಪ್ಪಾಯಿತು ಎನ್ನುವುದು ಗುಡಿಯಲ್ಲಿ ಗಲ್ಲ ಬಡಿದುಕೊಳ್ಳುವಾಗ ಮಾತ್ರ. ಹಿರಿಯನು ಕಿರಿಯನಿಗೆ ಅಂದದ್ದನ್ನು ನಾನಂತೂ ಕಂಡಿಲ್ಲ. ನಾನೂ ಹಗಲೆಲ್ಲ ಸುಮಿಮಾಸೆನ್ ಎನ್ನತೊಡಗಿದೆ. ಮುದುಕಿಗೆ, ಸೊಸೆಗೆ, ನಾಯಿಗೆ. ಅನ್ನಬೇಕಾದವನಿಗೊಬ್ಬನಿಗೆ ಬಿಟ್ಟು.

ಒಂದು ಸಂಜೆ ಮಾಸ್ತರು ಪಟ್ಟಿಯ ಅಕ್ಷರವನ್ನು ಬೆರಳಿನಿಂದ ಸವರಿ, ಇದು ಯಾರದು ಎಂದು ಕೇಳಿದರು.

"ತಮ್ಮನದು."

"ಸಿಪಾಯಿಯೋ?"

"ಅಲ್ಲ."

"ಮತ್ತೇನು?"

"ಗಾಕುಸೇಯ್" ಎಂದೆ. ಓದುವವನು.

"ಅವನು ಬರಲಿಲ್ಲವೇ?"

ಬಳ್ಳಾರಿಯ ಆ ಅಧಿಕಾರಿಯ ಮುಂದೆಯೇ ನಿಂತಿರುವ ಹಾಗಾಯಿತು. ಬಾಯಿಗೆ ಬಂದದ್ದು ಮತ್ತೆ ಅದೇ ಉತ್ತರ. "ಗಾಕುಸೇಯ್." ಓದಿದಾಂವ.

ಮಾಸ್ತರು ಹುಬ್ಬು ಕೂಡಿಸಿದರು. ನನಗೆ ತಿಳಿಯಲೆಂದು ಒಂದೊಂದೇ ಮಾತು ಬಿಡಿಸಿ ಹೇಳಿದರು: ಓದುವವನಾದರೆ ಅವನೇ ಬರಬೇಕಿತ್ತಲ್ಲ. ನಾನು "ಹೈ" ಎಂದೆ. ಅದನ್ನು ಅವರು ಹೂಂ ಎಂದು ತಿಳಿದರೋ, ಹೌದು ಎಂದು ತಿಳಿದರೋ.

ತಮ್ಮನ ಕಾಗದಗಳು ಬರುತ್ತಿದ್ದವು. 'ಹೊಸ ಮಾತು ಇಷ್ಟೇ ಏನು ಅಣ್ಣಾ, ಇನ್ನೂ ಕಳಿಸು.' ಕಳಿಸಿದೆ. ಹಗ್ಗ, ಸಸಿ, ಕಳೆ, ಮೋಡ, ಕಪ್ಪೆ. ಆ ಒಂದು ಮಾತನ್ನು ಮಾತ್ರ ಬರೆಯಲಿಲ್ಲ. ಎಡಕ್ಕೆ ಅದನ್ನು ಬರೆದರೆ ಬಲಕ್ಕೆ ಅರ್ಥ ಬರೆಯಬೇಕಾಗುತ್ತಿತ್ತು.

ಕುರುಗೋಡು

ಹೊರಟಾಗ ನಮ್ಮ ಬಳ್ಳಾರಿ ಮದರಾಸಿಗೆ ಸೇರಿತ್ತು, ಮರಳಿದಾಗ ಮೈಸೂರಿಗೆ ಸೇರಿತ್ತು. ಬಳ್ಳಾರಿ ಸ್ಟೇಷನ್ನಿಗೆ ತಮ್ಮ ಬಂದಿದ್ದ. ಒಂದು ಕ್ಷಣ ನಾನು ಅವನನ್ನು ದಾಟಿಯೇ ಹೋದೆ. ಕರ್ರಗಾಗಿದ್ದ, ತೆಳ್ಳಗಾಗಿದ್ದ, ತಲೆಗೆ ರುಮಾಲು ಸುತ್ತಿದ್ದ. ಅವನು ಟ್ರಂಕು ಎತ್ತಿಕೊಂಡು ಹೆಗಲಿಗೇರಿಸಿದ ರೀತಿಯಲ್ಲೇ ಏನೋ ಬದಲಾಗಿತ್ತು.

ಕುರುಗೋಡಿನ ಮೇಲೆ ಹೋಗುವ ಬಸ್ಸು ಹತ್ತಿದೆವು. "ಕಾಲೇಜು ಹೆಂಗ ನಡದೈತಿ?" ಎಂದು ಕೇಳಿದೆ.

"ಬಿಟ್ಟೆ."

"ಯಾಕಲೇ?"

"ಓದಿದಾಂವ ಅಂದ್ರ ಸಾಹೇಬರಿಗೆ ನಂಬಿಕಿ ಇಲ್ಲಲ್ಲ. ಮುಂದಿನ ಸಲ ಜಪಾನಿಗೆ ಕಳಸೋರ ಪಟ್ಟಿ ಮಾಡೂ ಹೊತ್ತಿಗೆ ಪಕ್ಕಾ ರೈತ ಆಗಿರಬೇಕಂತ ನೀನು ಹೋದ ತಿಂಗಳನ ಬಿಟ್ಟೆ. ಅವ್ವಗ ಕಾಗದದಾಗ ಬರೀಬ್ಯಾಡ ಅಂದಿದ್ದೆ." ಸ್ವಲ್ಪ ನಕ್ಕ. "ಈಗ ನೋಡಿದ್ರ ಪಟ್ಟಿ ಮದರಾಸಿನಾಗ ಉಳೀತು, ನಾವು ಮೈಸೂರಿಗೆ ಬಂದ್ವಿ. ಆಫೀಸಿನಾಗ ಕೇಳಿದೆ. ಇನ್ನ ಆ ಸುದ್ದಿ ಇಲ್ಲಪಾ, ಹೊಲಾ ನೋಡ್ಕೋ ಹೋಗು ಅಂದ್ರು."

ಹೋದ ಕಾಲೇಜು, ಹೋದ ಜಪಾನು, ಎರಡನ್ನೂ ಅವನಿಂದ ಕಿತ್ತುಕೊಂಡ ನಾನು ಪಕ್ಕದಲ್ಲೇ ಮುದುಡಿಕೊಂಡು ಕೂತಿದ್ದೆ.

ಕುರುಗೋಡಿನಲ್ಲಿ ಬಸ್ಸು ನಿಂತಿತು. ಡ್ರೈವರ್ ಇಂಜಿನ್ನಿಗೆ ನೀರು ತರಲು ಹೋದ. ಸಂತೆ ಮುಗಿಸಿದ ಹೆಂಗಸರು ಬುಟ್ಟಿ ಹೊತ್ತು ಹತ್ತಿದರು. ತಮ್ಮ ಟ್ರಂಕಿನಿಂದ ನೋಟುಬುಕ್ಕು ತೆಗೆದು, ಮಾಸ್ತರು ಬರೆಸಿದ್ದನ್ನೆಲ್ಲ ಹಸಿದವನಂತೆ ಓದತೊಡಗಿದ. "ಕುದಾಸಾಯ್! ಇದು ಚಲೋ ಐತಿ. ಖಾಜಾ ಸಾಬ್ರಿಗೆ ಹೇಳಬೇಕು." ಕಿವಿಯಿಂದ ಪೆನ್ಸಿಲು ತೆಗೆದು ಹೊಸ ಹಾಳೆ ತಿರುವಿದ. "ಅಣ್ಣಾ, ಅಲ್ಲಿ ಮಂದಿ ದಿನಕ್ಕ ಹೆಚ್ಚು ಸಲ ಆಡೋ ಮಾತು ಯಾವುದು?"

ಸುಳ್ಳು ಹೇಳಬಹುದಾಗಿತ್ತು. ಮಳೆ, ಅನ್ನ, ಚಾ, ಎಷ್ಟೋ ಮಾತುಗಳಿದ್ದವು.

"ಸುಮಿಮಾಸೆನ್" ಎಂದೆ.

ಅವನು ಎಡಕ್ಕೆ ಬರೆದುಕೊಂಡ. ಹಿಂದಿನ ಹಾಳೆಗಳನ್ನು ತಿರುವಿ ನೋಡಿದ. "ಇಷ್ಟು ಆಡೋ ಮಾತು ನನ್ನ ಪಟ್ಯಾಗ ಹೆಂಗ ಇಲ್ಲ? ಖಾಜಾ ಸಾಬ್ರು ಮೂರು ವರ್ಷದಾಗ ಒಂದು ಸಲನೂ ಕೇಳಿಲ್ಲೇನು?"

"ಅವರಿಗೆ ಯಾರೂ ಅಂದಿಲ್ಲ."

"ನೀನೂ ಕಾಗದದಾಗ ಬರೀಲಿಲ್ಲ."

"ಇಲ್ಲ."

"ಹಂಗಂದ್ರೇನು?"

ಬಲಗಡೆಯ ಜಾಗದಲ್ಲಿ ಪೆನ್ಸಿಲು ಊರಿ ನನ್ನ ಮುಖ ನೋಡಿದ. ನಾನು ಎದ್ದು ನಿಂತೆ. ಬುಟ್ಟಿ ಹಿಡಿದ ಹೆಂಗಸರು ತಿರುಗಿ ನೋಡಿದರು. ಕಿರಿಯನ ಮುಂದೆ ಹೀಗೆ ನಿಲ್ಲುವುದು ನನ್ನ ಮೈಗೆ ಗೊತ್ತಿರಲಿಲ್ಲ.

"ತಪ್ಪಾತೋ ಎರ್ರಿ" ಎಂದೆ. "ನಿನ್ನ ಹೆಸರು ಬಿಟ್ಟದ್ದು ಸಾಹೇಬರಲ್ಲ, ಬಿಡಿಸಿದಾಂವ ನಾನು. ತಮ್ಮ ಕೆಸರಿಗೆ ಇಳಿತಾನೇನು ಅಂತ ಕೇಳಿದ್ರು. ಅವ ಓದಿದಾಂವ್ರಿ ಅಂದು ಸುಮ್ಮನ ನಿಂತೆ. ನಿನ್ನ ಜಪಾನಿ ಮಾತಿಂದ ಏನೂ ಕೆಟ್ಟಿರಲಿಲ್ಲ. ನಂದು ತಪ್ಪಾತು, ತಮ್ಮಾ."